ಆ ಖಾಲಿ ಕವರ್‌ಗಳ ವಿಷಯ

ಮಂಡ್ಯ
ಭಾನುವಾರ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಓದಿದೆ. ಹದಿನಾಲ್ಕು ಕೆಜಿ ಜಾಸ್ತಿ ಆಗಿದೆ ಅಂತ ಬರೆದಿದ್ದೀಯ. ಅದಕ್ಕೆ ನಾನು ಅಷ್ಟು ಗಾಬರಿ ಆಗಲಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನ ನಿದ್ದೆ ಕೆಡಿಸಿತು. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ದಾರಿಯಲ್ಲಿ ಬೈಕ್ ನಿಲ್ಲಿಸಿ ತಿನ್ನುವುದು, ಖಾಲಿ ಕವರ್‌ಗಳನ್ನು ಅಮ್ಮನಿಗೆ ಕಾಣದ ಹಾಗೆ ಬೇರೆ ಬೀದಿಯ ಕಸದ ತೊಟ್ಟಿಗೆ ಹಾಕುವುದು. ಆಮೇಲೆ ಮನೆಗೆ ಬಂದು, ಅವಳಿಗೆ ಅನುಮಾನ ಬರಬಾರದು ಅಂತ ಎತ್ತಿಟ್ಟ ಊಟವನ್ನೂ ಉಣ್ಣುವುದು.

ಭಾವನ ವಿಷಯ, ಆಮೇಲೆ ನಡೆದದ್ದು ಯಾವುದನ್ನೂ ಇಲ್ಲಿ ಎತ್ತುವುದಿಲ್ಲ. ನಾವೆಲ್ಲ ಕಂಡದ್ದೇ. ದುಃಖ ಆದಾಗ ತಿನ್ನಬೇಕು ಅನ್ನಿಸೋದರಲ್ಲಿ ತಪ್ಪೇನೂ ಇಲ್ಲ ಕಣೋ. ಹನ್ನೊಂದನೇ ದಿನ ತಿಥಿ ಮಾಡಿದಾಗಲೂ ನಾವು ಎಲೆ ಹಾಕಿ ವಡೆ, ಪಾಯಸ ಬಡಿಸಲಿಲ್ವಾ? ಆದರೆ ಅಲ್ಲಿ ಪಂಕ್ತಿಯಲ್ಲಿ ಪಕ್ಕ ಯಾರೋ ಕೂತಿರುತ್ತಾರೆ. ಸಾಕಾ, ಇನ್ನೂ ಬೇಕಾ ಅಂತ ಕೇಳುತ್ತಾರೆ. ನೀನು ಕತ್ತಲಲ್ಲಿ ಒಬ್ಬನೇ ನಿಂತು ತಿನ್ನುತ್ತಿದ್ದೀಯ. ನನಗೆ ಭಯ ಆಗಿರುವುದು ಅದಕ್ಕೆ.

ದೊಡ್ಡ ಮಾವ ಹೇಗೆ ಹೋದ ಅಂತ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಆಗ ನನಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ, ಊರಲ್ಲೇ ಇದ್ದೆ. ಒಂದು ಸಂಜೆ ಎತ್ತಿಗೆ ಹಾಕೋಣ ಅಂತ ಮೆದೆಯಿಂದ ಹುಲ್ಲು ಹಿರಿಯುತ್ತಿದ್ದಾಗ ಕೈಗೆ ತಣ್ಣಗೆ ಏನೋ ತಗುಲಿತು. ಕ್ವಾರ್ಟರ್ ಬಾಟಲಿ. ಒಂದಲ್ಲ, ಒಂದರ ಪಕ್ಕ ಒಂದು. ಎಲ್ಲವನ್ನೂ ತೊಳೆದು, ಚೀಟಿ ಕಿತ್ತು, ಬಾಯಿಗೆ ಹುಲ್ಲು ತುರುಕಿ ಸಾಲಾಗಿ ಜೋಡಿಸಿದ್ದ. ಕುಡಿದ ಮೇಲೂ ಅಷ್ಟು ಶ್ರದ್ಧೆಯಿಂದ ಬಚ್ಚಿಟ್ಟಿದ್ದನಲ್ಲ ಅಂತ ಈಗಲೂ ನೆನಪಾಗುತ್ತದೆ. ನಾನು ಹುಲ್ಲನ್ನು ಇದ್ದ ಹಾಗೇ ಮುಚ್ಚಿ ಬಂದೆ. ಅಣ್ಣನ ಮರ್ಯಾದೆ ಉಳಿಸಿದೆ ಅಂದುಕೊಂಡೆ. ಅವನು ಹೋದ ಮೇಲೆ ನಮ್ಮವ್ವ, ನಿಮ್ಮ ಯಾರಿಗೂ ಗೊತ್ತೇ ಆಗಲಿಲ್ವಾ ಅಂತ ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಕುಡಿತವೂ ಊಟವೂ ಒಂದೇ ಅಂತ ನಾನು ಹೇಳುತ್ತಿಲ್ಲ. ತಪ್ಪು ತಿಳಿಯಬೇಡ. ಬಚ್ಚಿಡೋದು ಮಾತ್ರ ಒಂದೇ ಥರ.

ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದವನು, ಸುಮ್ನೆ ಇರಲಾಗದೆ ಸ್ವಲ್ಪ ಓದಿಕೊಂಡೆ. ಬಿಂಜ್ ಈಟಿಂಗ್ ಅಂತ ಒಂದು ಕಾಯಿಲೆ ಇದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಅದನ್ನು ತನ್ನ ಕೈಪಿಡಿಯಲ್ಲಿ ಬೇರೆ ಕಾಯಿಲೆಯಾಗಿಯೇ ಸೇರಿಸಿತು. ಹಸಿವಿಲ್ಲದಿದ್ದರೂ ತಿನ್ನುವುದು, ಗಬಗಬ ತಿನ್ನುವುದು, ಹೊಟ್ಟೆ ಬಿರಿಯುವವರೆಗೂ ನಿಲ್ಲಿಸಲಾಗದಿರುವುದು, ಆಮೇಲೆ ತನ್ನ ಮೇಲೇ ಅಸಹ್ಯ ಪಡುವುದು. ಇದೆಲ್ಲ ಅದರ ಲಕ್ಷಣ. ನಾಚಿಕೆಯಿಂದ ಒಬ್ಬರೇ ತಿನ್ನುವುದು ಅಂತಲೂ ಆ ಪಟ್ಟಿಯಲ್ಲಿದೆ. ಅದನ್ನು ಓದಿ ನಿನ್ನ ಕಾಗದ ಮತ್ತೆ ತೆಗೆದು ನೋಡಿದೆ. ನಿನಗೆ ಅದೇ ಇದೆ ಅಂತ ಹೇಳಲು ನಾನು ಡಾಕ್ಟರಲ್ಲ. ಆದರೆ ಇದಕ್ಕೆ ಹೆಸರಿದೆ, ಚಿಕಿತ್ಸೆ ಇದೆ. ನಿನ್ನ ಬಾಯಿಚಪಲ ಅಲ್ಲ ಇದು.

ಹಗಲೆಲ್ಲ ಬರೀ ಕಾಫಿ ಕುಡಿದುಕೊಂಡು ಇರುತ್ತೇನೆ, ರಾತ್ರಿ ತಿಂದದ್ದಕ್ಕೆ ಶಿಕ್ಷೆ ಅಂತ ಬರೆದಿದ್ದೀಯ. ಅದನ್ನು ಬಿಡಪ್ಪ. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಗಂಡಸರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ್ದರು. ತಾವಾಗಿಯೇ ಒಪ್ಪಿ ಬಂದ ಗಟ್ಟಿಮುಟ್ಟಾದ ಯುವಕರು. ಅವರಿಗೆ ಮೂರು ಹೊತ್ತೂ ಊಟದ್ದೇ ಧ್ಯಾನ, ಕೂತು ಅಡುಗೆ ಪುಸ್ತಕ ಓದುತ್ತಿದ್ದರು. ಮತ್ತೆ ಊಟ ಕೊಟ್ಟಾಗ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸಲಿಲ್ಲ. ಮನಸ್ಸು ಗಟ್ಟಿ ಇದ್ದವರ ಪಾಡೇ ಅದು. ಹಗಲು ಹಸಿದುಕೊಂಡಿದ್ದರೆ ರಾತ್ರಿ ಬೇಕರಿ ಸಾಮಾನಿನ ಮುಂದೆ ನೀನು ಹೇಗೆ ತಡೆದುಕೊಳ್ಳುತ್ತೀಯ? ಅದರ ಮೇಲೆ ನಿದ್ದೆಯೂ ಇಲ್ಲ. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತದೆ.

ಹಾಗಾಗಿ ಬೆಳಿಗ್ಗೆ ಎದ್ದು ಅಕ್ಕ ಮಾಡಿದ್ದನ್ನು ಕೂತು ತಿನ್ನು. ಮಧ್ಯಾಹ್ನ ಮುದ್ದೆ, ಬಸ್ಸಾರು ಉಂಡು ಶಿಫ್ಟಿಗೆ ಹೋಗು. ಮುದ್ದೆ ತಿಂದರೆ ತೂಕ ತಾನೇ ಇಳಿಯುತ್ತೆ ಅನ್ನೋದನ್ನು ಮಾತ್ರ ನಂಬಬೇಡ. ಇಷ್ಟು ಹೇಳಲು ನನಗೇ ಸಂಕೋಚ. ಅಡುಗೆ ಮನೆಗೆ ಹೋಗದ ನಾನು ನಿನಗೆ ಊಟದ ಬುದ್ಧಿ ಹೇಳುವುದು ಏನು ಚೆಂದ.

ನೀನು ಚಿಕ್ಕವನಿದ್ದಾಗ ಆಲೆಮನೆಗೆ ಕರೆದುಕೊಂಡು ಹೋಗುತ್ತಿದ್ದೆ, ಜ್ಞಾಪಕ ಇದೆಯಾ? ಕಬ್ಬಿನ ತುಂಡನ್ನು ಕೊಪ್ಪರಿಗೆಗೆ ಅದ್ದಿ ಬಿಸಿ ಬೆಲ್ಲ ಸುತ್ತಿ ಕೊಡುತ್ತಿದ್ದರು. ಗಲ್ಲ, ಮೂಗು, ಅಂಗಿ ಎಲ್ಲ ಅಂಟು. ಇನ್ನೊಂದು ಬೇಕು ಅಂತ ಎಲ್ಲರ ಮುಂದೆ ಕೂಗುತ್ತಿದ್ದೆ. ಆ ಹುಡುಗ ಈಗ ಕವರ್ ಬಚ್ಚಿಡುತ್ತಾನೆ ಅಂದರೆ ನಾವೆಲ್ಲ ಸೇರಿ ಅವನಿಗೆ ಏನು ಮಾಡಿದೆವು? ಮದುವೆ ಮನೆಯಲ್ಲಿ ಸಿಕ್ಕಿದವರೆಲ್ಲ "ಏನೋ, ದಪ್ಪ ಆಗಿದ್ದೀಯ" ಅನ್ನುತ್ತಾರೆ. ಕ್ಷೇಮ ವಿಚಾರಿಸುವ ರೀತಿಯೇ ಅದಾಗಿಬಿಟ್ಟಿದೆ. ನೀನು ಮದುವೆಗಳಿಗೆ ಬರುವುದು ಯಾಕೆ ಬಿಟ್ಟೆ ಅಂತ ಈಗ ಅರ್ಥವಾಗುತ್ತಿದೆ.

ದಿನಾ ತೂಕ ನೋಡಿಕೊಳ್ಳಬೇಡ. ಬೇಕಾದರೆ ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟದ ಸುತ್ತಳತೆ ನೋಡು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ, ಹೃದಯದ ಕಡೆ ಎಚ್ಚರ ಬೇಕು ಅನ್ನುತ್ತಾರೆ. ಬೆಳಿಗ್ಗೆ ಆದರೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕು. ತೂಕಕ್ಕೆ ಅಂತಲ್ಲ, ನಾಲ್ಕು ಜನರ ಮುಖ ಕಂಡ ಹಾಗಾಗುತ್ತದೆ.

ಇನ್ನೊಂದು. ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ 14416 ಅಂತ ಸರ್ಕಾರದ ಫೋನ್ ನಂಬರ್ ಇದೆ, ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೈಕ್ ನಿಲ್ಲಿಸುವ ಆ ಹೊತ್ತಿನಲ್ಲೂ ಯಾರಾದರೂ ಎತ್ತುತ್ತಾರೆ. ನನಗೆ ಮಾಡಿದರೂ ಎತ್ತುತ್ತೇನೆ. ಎಷ್ಟು ಹೊತ್ತಾದರೂ ಸರಿ. ಏನು ತಿಂದೆ ಅಂತ ಹೇಳು, ಅಷ್ಟೇ. ನಾನು ಬೈಯುವುದಿಲ್ಲ.

ನಿನ್ನ ಕಾಗದ ಅತ್ತೆಗೂ ತೋರಿಸಿಲ್ಲ. ಅಕ್ಕನಿಗೆ ನಾನಾಗಿ ಬಾಯಿ ಬಿಡುವುದಿಲ್ಲ, ನೀನೇ ಹೇಳಬೇಕು. ಅವಳು ಅಳಬಹುದು, ಆದರೆ ಬೈಯುವುದಿಲ್ಲ. ನನ್ನ ಅಕ್ಕ ಅವಳು, ನನಗೆ ಗೊತ್ತು.

ಶುಕ್ರವಾರ ಸಂಜೆ ರೈಲಿಗೆ ಬರುತ್ತೇನೆ. ಶನಿವಾರ ಬೆಳಿಗ್ಗೆ ಇಬ್ಬರೂ ಹೋಗಿ ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸೋಣ. ಥೈರಾಯ್ಡ್ ಕಡಿಮೆ ಇದ್ದರೂ ಮೈ ಬರುತ್ತದೆ, ಅದನ್ನು ನೋಡದೆ ಎಲ್ಲ ಮನಸ್ಸಿನದ್ದೇ ಅನ್ನುವುದು ಸರಿಯಲ್ಲ. ಸಕ್ಕರೆಗೆ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು, ಹಾಗಾಗಿ ಶುಕ್ರವಾರ ರಾತ್ರಿ ಶಿಫ್ಟ್ ಮುಗಿಸಿ ನೇರ ಮನೆಗೆ ಬಾ. ತಡೆಯಲಾಗದೆ ತಿಂದುಬಿಟ್ಟರೆ ತಿಂದೆ ಅಂತ ಹೇಳು, ಪರೀಕ್ಷೆ ಸೋಮವಾರಕ್ಕೆ ಇಟ್ಟುಕೊಳ್ಳೋಣ. ನಾನು ಅಲ್ಲಿವರೆಗೂ ಇರುತ್ತೇನೆ.

ನಿನ್ನ ಮಾವ