ಬೊಗೋಟಾದಲ್ಲಿ ನಮ್ಮನ್ನು ನೋಡಿಕೊಂಡವರಿಗೆ

ಪ್ರೇಮಿಗಳ ದಿನದ ಗುಲಾಬಿಯೆಲ್ಲ ವಿಮಾನ ಹತ್ತಿತು. ನಾವು ಮಾಡಿಕೊಟ್ಟ ವ್ಯವಸ್ಥೆ ಒಂದು ಸಲವೂ ಕೈ ಕೊಡಲಿಲ್ಲ. ಫೋನ್ ಮಾಡಿ ಶಭಾಶ್ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಆದರೆ ಆ ಶಭಾಶ್ ಸಲ್ಲಬೇಕಾದವರು ಇನ್ನೂ ಕೆಲವರಿದ್ದಾರೆ. ಅವರ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಹೂವಿನ ರಫ್ತಿನಲ್ಲಿ ನೆದರ್ಲೆಂಡ್ಸ್ ಬಿಟ್ಟರೆ ಕೊಲಂಬಿಯಾದ್ದೇ ಮೇಲುಗೈ. ಅದರ ರಾಜಧಾನಿ ಬೊಗೋಟಾ ಸುತ್ತಲಿನ ಬಯಲಿನ ತುಂಬ ಪಾಲಿಹೌಸ್‌ಗಳಿವೆ. ಫೆಬ್ರವರಿ 14ಕ್ಕೆ ಮುಂಚಿನ ವಾರಗಳಲ್ಲಿ ಅಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕೊಯ್ದ ಹೂವು ತಣ್ಣಗೇ ಇರಬೇಕು, ಇಲ್ಲದಿದ್ದರೆ ದಾರಿಯಲ್ಲೇ ಬಾಡುತ್ತದೆ. ತೋಟದ ಕೋಲ್ಡ್ ರೂಮಿನಿಂದ ಎಲ್ ಡೊರಾಡೊ ವಿಮಾನ ನಿಲ್ದಾಣದವರೆಗೆ ತಾಪಮಾನದ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಕೂರಿಸುವುದು ಬೆಂಗಳೂರಿನಿಂದ ಹೋದ ನಮ್ಮ ತಂಡದ ಕೆಲಸವಾಗಿತ್ತು.

ಬೊಗೋಟಾ ಇರುವುದು 2,640 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದಕ್ಕಿಂತಲೂ 700 ಮೀಟರ್ ಮೇಲೆ ಒಂದು ಮಹಾನಗರ! ಇಳಿದ ರಾತ್ರಿ ಏನೂ ಅನ್ನಿಸಲಿಲ್ಲ. ಬೆಳಗ್ಗೆ ಏಳುವಷ್ಟರಲ್ಲಿ ತಲೆ ಸಿಡಿತ, ವಾಂತಿ. ಮಹಡಿ ಹತ್ತಿದರೆ ಏದುಸಿರು. ಹತ್ತೂವರೆ ಗಂಟೆಯ ವ್ಯತ್ಯಾಸದಿಂದ ನಿದ್ದೆಯೂ ಇಲ್ಲ. ನನ್ನ ಜೊತೆ ಬಂದಿದ್ದ ಹುಡುಗಿಗೆ ನನಗಿಂತ ಜಾಸ್ತಿ ಆಗಿತ್ತು.

ನಾವಿದ್ದ ಗೆಸ್ಟ್ ಹೌಸ್‌ನ ಯಜಮಾನಿಗೆ ನಮ್ಮ ತಾಯಂದಿರ ವಯಸ್ಸು. ನಮ್ಮ ಮುಖ ನೋಡಿದ್ದೇ ಕುರ್ಚಿ ಎಳೆದು ಕೂರಿಸಿದರು. ಗಟ್ಟಿ ಬೆಲ್ಲದ ಅಚ್ಚೊಂದನ್ನು ಒಡೆದು ನೀರಿಗೆ ಹಾಕಿ ಕುದಿಸಿದರು. ನಿಂಬೆ ಹಿಂಡಿ, ಬಿಸಿಬಿಸಿ ಲೋಟ ಕೈಗೆ ಕೊಟ್ಟರು. ಅಲ್ಲಿ ಇದು ಮನೆಮನೆಯಲ್ಲೂ ಕುಡಿಯುವ ಅಗ್ವಾಪನೇಲಾ. ಅಲ್ಲೂ ಆಲೆಮನೆಗಳಿವೆ, ಕಬ್ಬಿನ ಹಾಲು ಕಾಯಿಸಿಯೇ ಆ ಬೆಲ್ಲ ಮಾಡುತ್ತಾರೆ. ಮಂಡ್ಯದ ಕಡೆಯವಳಾದ ನನಗೆ ಆ ವಾಸನೆಗೇ ಅರ್ಧ ಜೀವ ಬಂತು. ಆಮೇಲೆ ಗಂಟೆಗೊಮ್ಮೆ ಬಂದು ನೀರು ಕುಡಿಸಿದರು, ಮೆಟ್ಟಿಲ ಹತ್ತಿರವೂ ಬಿಡಲಿಲ್ಲ.

ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಊರಿನ ಹೆಸರಾಂತ ಅಡುಗೆ ಅಹಿಯಾಕೊ, ಕೋಳಿ ಹಾಕಿ ಮಾಡುವ ಆಲೂಗಡ್ಡೆ ಸೂಪು. ನಮಗಾಗಿ ಬೇರೆ ಪಾತ್ರೆಯಲ್ಲಿ ಕೋಳಿ ಇಲ್ಲದೆ ಮಾಡಿದರು. ಅದಕ್ಕೆ ಮೂರು ಜಾತಿಯ ಆಲೂಗಡ್ಡೆ ಬೇಕು. ಹಳದಿ ಬಣ್ಣದ ಪುಟ್ಟ ಗಡ್ಡೆ ಪೂರ್ತಿ ಕರಗಿ ಸೂಪನ್ನು ಮಂದ ಮಾಡುತ್ತದೆ. ಉಳಿದವು ಹೋಳುಹೋಳಾಗಿ ಬಾಯಿಗೆ ಸಿಗುತ್ತವೆ. ಮೇಲೆ ಗ್ವಾಸ್ಕಾಸ್ ಅನ್ನುವ ಸೊಪ್ಪು, ಮುಸುಕಿನ ಜೋಳದ ತೆನೆಯ ತುಂಡು, ಪಕ್ಕದಲ್ಲಿ ಬೆಣ್ಣೆಹಣ್ಣು. ಹೊಟ್ಟೆಯಲ್ಲಿ ಮೊದಲು ನಿಂತ ಊಟ ಅದೇ.

ಅಲ್ಲಿನ ಆಫೀಸಿನ ಸಹೋದ್ಯೋಗಿಗಳಿಗೂ ಋಣಿ. ಮೊದಲ ಮೀಟಿಂಗನ್ನು ಅವರೇ ಮುಂದಕ್ಕೆ ಹಾಕಿದರು. ಸೀಸನ್ನು ತಲೆಯ ಮೇಲಿದ್ದಾಗ ಹಾಗೆ ಮಾಡುವುದು ಸಣ್ಣ ಮಾತಲ್ಲ. ಭಾನುವಾರ ನಮ್ಮನ್ನು ಸಿಕ್ಲೊವಿಯಾಗೆ ಕರೆದುಕೊಂಡು ಹೋದರು. 1970ರ ದಶಕದಿಂದ ನಡೆದು ಬಂದಿರುವ ಪದ್ಧತಿಯಂತೆ. ಭಾನುವಾರ, ರಜಾ ದಿನಗಳಲ್ಲಿ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಗೆ ಕಾರು ಬಿಡುವುದಿಲ್ಲ. ಅಜ್ಜಂದಿರು, ಮಕ್ಕಳು, ನಾಯಿಗಳು, ಎಲ್ಲರೂ ರಸ್ತೆಯಲ್ಲೇ. ನಮ್ಮ ಊರಿನಲ್ಲಿ ಯಾಕಿಲ್ಲ ಅಂತ ಈಗಲೂ ಹೊಟ್ಟೆಕಿಚ್ಚಾಗುತ್ತದೆ. ನಮಗಾಗಿ ಎಲ್ಲರೂ ನಿಧಾನಕ್ಕೆ ನಡೆದರು. ಉಸಿರು ಕಟ್ಟಿದಾಗೆಲ್ಲ ಏನೂ ಕೇಳದೆ ನಿಂತುಕೊಂಡರು.

ಬೆಂಗಳೂರಿನಲ್ಲಿ ರಾತ್ರಿಯಿಡೀ ಎದ್ದು ನಮ್ಮ ಪಾಲಿನ ಟೆಸ್ಟಿಂಗ್ ಮುಗಿಸಿದ ಗೆಳೆಯರೇ, ನಿಮ್ಮನ್ನು ಮರೆಯುತ್ತೇನಾ? ನೀವಿಲ್ಲದಿದ್ದರೆ ಆ ವಾರ ನಾವು ಮಲಗಿ ಸುಧಾರಿಸಿಕೊಳ್ಳಲು ಆಗುತ್ತಲೇ ಇರಲಿಲ್ಲ.

ಅಲ್ಲಿನ ಸಹೋದ್ಯೋಗಿಯೊಬ್ಬರು ಈ ಬರಹವನ್ನು ಯಜಮಾನಿಗೆ ಅವರ ಭಾಷೆಯಲ್ಲಿ ಹೇಳುತ್ತೇನೆ ಅಂದಿದ್ದಾರೆ. ಹಾಗಾಗಿ ಇದು ಅವರಿಗೆ: ಅಮ್ಮಾ, ನಾವಿಬ್ಬರೂ ಚೆನ್ನಾಗಿದ್ದೇವೆ. ತಾಯಂದಿರ ದಿನದ ಹೂವಿನ ಸೀಸನ್ನಿಗೆ ನಮ್ಮ ಇನ್ನೊಂದು ತಂಡ ಬರುತ್ತಿದೆ. ಅವರಿಗೂ ನಿಮ್ಮಲ್ಲೇ ಕೋಣೆ ಹೇಳಿದ್ದೇವೆ. ಅದರಲ್ಲಿ ಒಬ್ಬ ಮೊಟ್ಟೆಯನ್ನೂ ತಿನ್ನುವುದಿಲ್ಲ, ದಯವಿಟ್ಟು ಸ್ವಲ್ಪ ನೋಡಿಕೊಳ್ಳಿ.