ಹಳ್ಳದ ಮಾತು ವಾರ್ಡ್ ಸಭೆಯ ನಡಾವಳಿಗೆ ಬರಲಿ: ಪೋಷಕರಿಗೆ ಪತ್ರ

ಮುಖ್ಯ ಶಿಕ್ಷಕರ ಕಚೇರಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ವಿಷಯ: ಮಳೆ ಬಲಿಯುವ ಮುನ್ನ ನಡೆಯುವ ವಾರ್ಡ್ ಸಭೆಯಲ್ಲಿ ಪೋಷಕರು ಭಾಗವಹಿಸುವ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರಗಳು. ಪಠ್ಯಪುಸ್ತಕ ಮತ್ತು ಸಮವಸ್ತ್ರದ ವಿವರಗಳನ್ನು ತರಗತಿ ಶಿಕ್ಷಕರು ಪ್ರತ್ಯೇಕವಾಗಿ ತಿಳಿಸುತ್ತಾರೆ. ಈ ಪತ್ರವನ್ನು ಒಂದೇ ಕೋರಿಕೆಗಾಗಿ ಬರೆಯುತ್ತಿದ್ದೇನೆ: ಈ ತಿಂಗಳು ನಡೆಯಲಿರುವ ನಿಮ್ಮ ನಿಮ್ಮ ವಾರ್ಡ್ ಸಭೆಗೆ ದಯವಿಟ್ಟು ಬನ್ನಿ, ಹಳ್ಳ ಮತ್ತು ಧರೆಯ (ಕಡಿದಾದ ಮಣ್ಣಿನ ದಿಬ್ಬದ) ವಿಚಾರದಲ್ಲಿ ನಿಮಗೆ ತಿಳಿದಿರುವುದನ್ನು ಅಲ್ಲಿ ಹೇಳಿ, ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ ಎಂದು ಓದಿಸಿಕೊಂಡು ಸಹಿ ಮಾಡಿ.

2019ರ ಆಗಸ್ಟ್‌ನ ಆಶ್ಲೇಷ ಮಳೆ ನಮ್ಮ ತಾಲ್ಲೂಕಿಗೆ ಏನು ಮಾಡಿತೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಮಲೆಮನೆ, ಮಧುಗುಂಡಿಯಂತಹ ಊರುಗಳಲ್ಲಿ ಗುಡ್ಡ ಜಾರಿ ಮನೆ, ಗದ್ದೆ, ತೋಟಗಳು ಮಣ್ಣಿನಡಿ ಹೋದವು. ನಮ್ಮ ಶಾಲೆಯ ಅಡುಗೆಕೋಣೆಯ ಹಿಂಗೋಡೆಯಲ್ಲಿ ಅಂದಿನ ಕೆಸರಿನ ಗೆರೆ ಸುಣ್ಣ ಬಳಿದ ಮೇಲೂ ಮಸುಕಾಗಿ ಕಾಣುತ್ತದೆ. ಅಕ್ಕಿ ಮೂಟೆಗಳನ್ನು ಇಡುವ ಹಲಗೆ ಈಗ ಆ ಗೆರೆಗಿಂತ ಒಂದು ಮೊಳ ಮೇಲಿದೆ. ಹಲಗೆಯನ್ನು ಎಷ್ಟು ಎತ್ತರಕ್ಕೆ ಹೊಡೆಯಬೇಕೆಂದು ಹೇಳಿದವರು ನಮ್ಮ ಅಡುಗೆಯವರು, ಏಕೆಂದರೆ ನೀರು ಯಾವ ಕಡೆಯಿಂದ ನುಗ್ಗಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಕಣ್ಣಾರೆ ಕಂಡವರು ಅವರೇ. ಊರಿನ ಪ್ರತಿಯೊಂದು ಮೋರಿ, ಸಂಕ (ಕಿರುಸೇತುವೆ), ಧರೆಯ ವಿಷಯದಲ್ಲೂ ಇಂಥ ತಿಳಿವಳಿಕೆ ಯಾರದೋ ಒಬ್ಬರ ಬಳಿ ಇರುತ್ತದೆ, ಅದು ಕಡತಕ್ಕೆ ಮಾತ್ರ ಸೇರುವುದಿಲ್ಲ ಎಂಬುದೇ ನನ್ನ ಕಳವಳ.

ಮಳೆಯ ರೀತಿ ಬದಲಾಗಿರುವುದರಿಂದ ಈ ಕೆಲಸ ಹಿಂದೆಂದಿಗಿಂತ ಅಗತ್ಯವಾಗಿದೆ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹಾಗಾಗಿ ವಾರವಿಡೀ ಹದವಾಗಿ ಸುರಿಯಬೇಕಾದ ಮಳೆ ಒಂದೆರಡು ದಿನಗಳಲ್ಲೇ ಸುರಿದುಬಿಡುವ ಸಂಭವ ಹೆಚ್ಚಾಗಿದೆ. ಅದರ ಜೊತೆಗೆ ನಮ್ಮದೇ ಕೈಯ ಕೆಲಸವೂ ಇದೆ. 2018ರ ಕೊಡಗಿನ ಭೂಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿತು. ಜೆಸಿಬಿಯಿಂದ ಧರೆಯನ್ನು ನೇರವಾಗಿ ಕಡಿಸುವುದು, ಮಳೆನೀರು ಹರಡಿ ನಿಲ್ಲುತ್ತಿದ್ದ ಗದ್ದೆಬಯಲಿಗೆ ಮಣ್ಣು ತುಂಬಿಸುವುದು ನಮ್ಮ ಸುತ್ತಲೂ ನಡೆಯುತ್ತಿದೆ. ಇದು ನೆರೆಹೊರೆಯವರ ಮನಸ್ಸು ನೋಯಿಸುವ ಮಾತಾಗಬಹುದು, ಆದರೆ ಕೆಳಗಿನ ಮನೆಯ ಮಕ್ಕಳ ದೃಷ್ಟಿಯಿಂದ ಸಭೆಯಲ್ಲಿ ಆಡಲೇಬೇಕಾದ ಮಾತು.

ಕಾನೂನು ನಿಮ್ಮ ಪರವಾಗಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕು; ಅಲ್ಲಿ ತೀರ್ಮಾನವಾದದ್ದು ಗ್ರಾಮಸಭೆಗೆ, ಅಲ್ಲಿಂದ ಪಂಚಾಯಿತಿಯ ವಾರ್ಷಿಕ ಯೋಜನೆಗೆ ಹೋಗುತ್ತದೆ. ವಿಪತ್ತು ನಿರ್ವಹಣಾ ಅಧಿನಿಯಮ, 2005ರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವು ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ತಯಾರಿಸಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಪಂಚಾಯಿತಿಯ ಬಳಿ ನಮ್ಮ ಊರಿನ ಲಿಖಿತ ಮಾಹಿತಿಯೇ ಇಲ್ಲದಿದ್ದರೆ ಆ ಸಮಾಲೋಚನೆಯಲ್ಲಿ ನಮ್ಮ ಊರಿನ ಹೆಸರು ಹೇಗೆ ಬಂದೀತು?

ಕಳೆದ ನವೆಂಬರ್‌ನ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಏಳನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಗದ್ದೆ ದಾಟುವ ಕಾಲುಸಂಕದ ಅಡಿಕೆ ಮರದ ದಬ್ಬೆಗಳು ಕೊಳೆತಿವೆ, ಹಿಡಿಯಲು ಕಟ್ಟಿದ್ದ ಬಿದಿರು ಒಂದೇ ಕಡೆ ಉಳಿದಿದೆ, ತನ್ನ ತಮ್ಮನನ್ನು ಬೆನ್ನ ಮೇಲೆ ಹೊತ್ತು ದಾಟುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದಳು. ಅವಳ ಮಾತನ್ನು ಅಧಿಕಾರಿಗಳು ಬರೆದುಕೊಂಡರು. ಆದರೆ ಅನಂತರದ ದೊಡ್ಡವರ ಸಭೆಯಲ್ಲಿ ಆ ಸಂಕದ ಪ್ರಸ್ತಾಪವನ್ನು ಯಾರೂ ಮುಂದುವರಿಸಲಿಲ್ಲ, ಕೆಲಸವೂ ಆಗಲಿಲ್ಲ. ನಮ್ಮ ಜಿಲ್ಲೆಯಲ್ಲೇ 2022ರ ಜುಲೈನಲ್ಲಿ ಶಾಲೆಯಿಂದ ಮನೆಗೆ ಹೊರಟ ಒಂದನೇ ತರಗತಿಯ ಮಗು ಹಳ್ಳದ ಪಾಲಾದ ನೋವು ನಮ್ಮೆಲ್ಲರ ಮನಸ್ಸಿನಲ್ಲಿದೆ. ಮಗು ಕೇಳಿದ್ದನ್ನು ದೊಡ್ಡವರು ಕೈಬಿಡಬಾರದು ಎಂದು ಕಳಕಳಿಯಿಂದ ಬೇಡುತ್ತೇನೆ.

ಸಭೆಯಲ್ಲಿ "ಮಳೆಗಾಲದಲ್ಲಿ ತೊಂದರೆ ಆಗುತ್ತದೆ" ಎಂದಷ್ಟೇ ಹೇಳಿದರೆ ಉಪಯೋಗವಾಗದು. ಯಾವ ಹಳ್ಳ, ಯಾರ ತೋಟದ ಬದಿ, ಯಾವ ಮೋರಿ ಕಟ್ಟಿಕೊಳ್ಳುತ್ತದೆ, ದಾಟುವ ಮಕ್ಕಳು ಎಷ್ಟು, ನೀರು ಬಂದರೆ ಮುದುಕರು, ಬಾಣಂತಿಯರು ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳಿ. ಸಂತ್ರಸ್ತರು ತಂಗುವ ಕಾಳಜಿ ಕೇಂದ್ರವೆಂದು ನಮ್ಮ ಶಾಲೆಯನ್ನೇ ಗುರುತಿಸುವ ಯೋಚನೆ ಇದ್ದರೆ, ಅಡುಗೆಕೋಣೆಗೆ ನೀರು ನುಗ್ಗಿದ ಸಂಗತಿಯನ್ನು ತಿಳಿಸಿ ಎತ್ತರದ ಬೇರೆ ಕಟ್ಟಡವನ್ನು ಸೂಚಿಸಿ. ಮಳೆಯ ಲೆಕ್ಕವನ್ನೂ ಕೇಳಿ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಅಳವಡಿಸಿದೆ, ವರುಣಮಿತ್ರ ಸಹಾಯವಾಣಿಯಲ್ಲಿ ಹವಾಮಾನದ ಮಾಹಿತಿ ದೊರೆಯುತ್ತದೆ. ಆ ಅಂಕಿಗಳು ಪಂಚಾಯಿತಿಯ ಫಲಕದ ಮೇಲೆ ಪ್ರತಿದಿನ ಬರೆಯಲ್ಪಡಲಿ ಎಂದು ನಾವು ಕೇಳಬಹುದು. ನಮ್ಮ ಮಕ್ಕಳೂ ಬಾಟಲಿಯ ಮಳೆಮಾಪಕ ಮಾಡಿ ಅಳೆಯಲಿದ್ದಾರೆ. ಎರಡನ್ನೂ ಹೋಲಿಸಿ ನೋಡುವ ಪಾಠವನ್ನು ವಿಜ್ಞಾನ ಶಿಕ್ಷಕರು ಸಿದ್ಧಪಡಿಸಿದ್ದಾರೆ.

ಎಸ್ಟೇಟಿನ ಲೈನ್ ಮನೆಗಳಲ್ಲಿರುವ (ಕಾರ್ಮಿಕರ ಸಾಲುಮನೆಗಳಲ್ಲಿರುವ) ಪೋಷಕರಿಗೆ ಒಂದು ಮಾತು. ಹಳ್ಳಕ್ಕೆ ಎಲ್ಲರಿಗಿಂತ ಹತ್ತಿರ ಇರುವವರು ನೀವು, ಸಭೆಗಳಲ್ಲಿ ಎಲ್ಲರಿಗಿಂತ ಕಡಿಮೆ ಕಾಣುವವರೂ ನೀವೇ. ಕೆಲಸದ ದಿನ ಸಭೆ ಇಟ್ಟರೆ ಅಂದಿನ ಕೂಲಿ ಹೋಗುತ್ತದೆ, ಹೊರಜಿಲ್ಲೆಗಳಿಂದ ಬಂದವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಸಭೆಯನ್ನು ವಾರದ ರಜೆಯ ದಿನ ನಡೆಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ವತಿಯಿಂದ ಮನವಿ ಸಲ್ಲಿಸಿದ್ದೇವೆ. ಪಟ್ಟಿಯಲ್ಲಿ ಹೆಸರಿಲ್ಲದವರ ಅಹವಾಲನ್ನು ಶಾಲೆಯ ಮೂಲಕ ಲಿಖಿತವಾಗಿ ತಲುಪಿಸುತ್ತೇವೆ. ಬರೆಯಲು ಬಾರದಿದ್ದರೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಬನ್ನಿ, ಶಿಕ್ಷಕರು ಬರೆದುಕೊಡುತ್ತಾರೆ. ತಾಯಂದಿರು ಸಂಕೋಚಪಡದೆ ಬರಬೇಕು.

ಈ ಪತ್ರದ ಕೆಳಗಿನ ಚೀಟಿಯಲ್ಲಿ ನಿಮ್ಮ ಮಗು ಶಾಲೆಗೆ ಬರುವ ದಾರಿಯಲ್ಲಿ ದಾಟುವ ಹಳ್ಳ ಅಥವಾ ಸಂಕದ ಹೆಸರು, ಮಳೆಗಾಲದಲ್ಲಿ ಜೊತೆಗೆ ಬರುವವರು ಯಾರು ಎಂಬುದನ್ನು ಬರೆದು ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕಳುಹಿಸಿ. ಶನಿವಾರದ ಪೋಷಕರ ಸಭೆಯಲ್ಲಿ ಇವನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತಿಸಿ, ಅದೇ ನಕ್ಷೆಯನ್ನು ವಾರ್ಡ್ ಸಭೆಗೆ ಒಯ್ಯೋಣ. ಹಳ್ಳ ಏರಿದ ದಿನ ರಜೆಯ ಆದೇಶಕ್ಕೆ ಕಾಯದೆ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಿ. ಹಾಜರಾತಿಯ ವಿಷಯವನ್ನು ನಾನು ನೋಡಿಕೊಳ್ಳುತ್ತೇನೆ. ತುರ್ತು ಸಂದರ್ಭದಲ್ಲಿ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ