ಮಗಳಿಗೊಂದು ಪತ್ರ: ಅಜ್ಜಿಯ ನಾಣ್ಯ ಯಾರ ಕೈಯಿಂದ ಬಂತು

ಹಾವೇರಿ

ಪ್ರೀತಿಯ ಮಗಳೆ,

ಅಜ್ಜಿಯ ಬಂಗಾರದ ನಾಣ್ಯ ನಿನಗೇ ಸೇರಬೇಕೆಂದು ನಿನ್ನ ಮಾವಂದಿರೆಲ್ಲ ಒಪ್ಪಿದ್ದಾರೆ. ಅದರ ಜೊತೆಗಿಡಲು ಇತಿಹಾಸ ಬರೆದುಕೊಡು ಎಂದು ಕೇಳಿದ್ದಿ, ಅದು ಬಂಕಾಪುರದಲ್ಲಿ ಸಿಕ್ಕಿತೆಂಬ ಸಂಗತಿಯನ್ನು ಮೊದಲ ಸಾಲಿನಲ್ಲೇ ಹಾಕು ಎಂದೂ ಹೇಳಿದ್ದಿ. ಆ ಸಾಲನ್ನು ನಾನು ಬರೆದಿಲ್ಲ. ಕಾರಣವನ್ನು ವಿವರವಾಗಿ ತಿಳಿಸುತ್ತೇನೆ.

ನಾಣ್ಯ ಯಾವುದೆಂಬುದರಲ್ಲಿ ಸಂಶಯವಿಲ್ಲ. ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಹಳೆಯ ಕನ್ನಡ ಲಿಪಿಯಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬಿರುದು. ನೊಳಂಬವಾಡಿ (ನೊಣಂಬವಾಡಿ) ಸೀಮೆಯನ್ನು ಗೆದ್ದ ಹೊಯ್ಸಳ ಅರಸ ವಿಷ್ಣುವರ್ಧನ 12ನೆಯ ಶತಮಾನದಲ್ಲಿ ಇದನ್ನು ಟಂಕಿಸಿದ. ತಲಕಾಡನ್ನು ಚೋಳರಿಂದ ಗೆದ್ದದ್ದಕ್ಕೆ ‘ಶ್ರೀ ತಳಕಾಡುಗೊಂಡ’ ಎಂಬ ನಾಣ್ಯವೂ ಇದೆ. ಆ ಅರಸ ನಮ್ಮ ಬಂಕಾಪುರದಲ್ಲಿ ನೆಲೆಸಿದ್ದನೆಂಬುದು ಇತಿಹಾಸವೇ. ಆದರೆ ಅರಸ ಬಂಕಾಪುರದಲ್ಲಿದ್ದ, ನಾಣ್ಯ ನಮ್ಮ ಮನೆಯಲ್ಲಿದೆ ಎಂಬ ಎರಡು ನಿಜಗಳ ನಡುವೆ 800 ವರ್ಷಕ್ಕೂ ಹೆಚ್ಚಿನ ಕಾಲ ಬಿದ್ದಿದೆ. ಬಂಗಾರ ಒಂದು ಊರಿನಲ್ಲಿ ಕೂತಿರುವುದಿಲ್ಲ. ಸಾಲಕ್ಕೆ, ಸುಂಕಕ್ಕೆ, ಮದುವೆಗೆ, ಲೂಟಿಗೆ ಅದು ಎಲ್ಲಿಂದೆಲ್ಲಿಗೋ ಹೋಗಿರುತ್ತದೆ.

ನಮ್ಮ ಕೈಯಲ್ಲಿರುವ ಸಾಕ್ಷಿ ನಿನ್ನ ಮುತ್ತಜ್ಜನ ಲೆಕ್ಕದ ಚೋಪಡಿಯೊಳಗೆ ಮಡಚಿಟ್ಟಿದ್ದ ಒಂದು ಚೀಟಿ. ರಾಣೆಬೆನ್ನೂರಿನ ಅಕ್ಕಸಾಲಿಗರೊಬ್ಬರು ಬರೆದುಕೊಟ್ಟದ್ದು. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದುದರಿಂದ ವಿಳಾಸದಲ್ಲಿ ‘ಜಿಲ್ಲಾ ಧಾರವಾಡ’ ಎಂದಿದೆ. ಒಕ್ಕಣೆ ಇಷ್ಟೇ: ‘ಸಿಂಹದ ವರಹ ಒಂದು, ಕುಣಿಕೆ ತೆಗೆದದ್ದು, ತೂಕ 4 ಮಾಸಿ.’ ಕುಣಿಕೆ ಎಂದರೆ ಸರಕ್ಕೆ ಪೋಣಿಸಲು ನಾಣ್ಯಕ್ಕೆ ಬೆಸೆದ ಸಣ್ಣ ಉಂಗುರ. ತೊಲೆಗೆ 12 ಮಾಸಿಯಂತೆ ಲೆಕ್ಕ ಹಾಕಿದರೆ ಇದು ಸುಮಾರು 3.9 ಗ್ರಾಮ್ ಆಗುತ್ತದೆ, ನಮ್ಮ ನಾಣ್ಯದ ತೂಕವೂ ಅಷ್ಟೇ. ಆದರೂ ತೂಕವೊಂದನ್ನೇ ನೆಚ್ಚಿಕೊಂಡು ಇದೇ ಆ ನಾಣ್ಯ ಎನ್ನಲಾಗದು, ಏಕೆಂದರೆ ಆ ಕಾಲದ ಗದ್ಯಾಣಗಳೆಂಬ ಚಿನ್ನದ ನಾಣ್ಯಗಳೆಲ್ಲ ಹೆಚ್ಚುಕಡಿಮೆ ಇದೇ ತೂಕದವು. ನನಗೆ ಧೈರ್ಯ ಬಂದದ್ದು ಅಂಚನ್ನು ನೋಡಿದ ಮೇಲೆ. ಭೂತಗನ್ನಡಿಯಲ್ಲಿ ಸಿಂಹದ ಬೆನ್ನಿನ ಮೇಲ್ಭಾಗವನ್ನು ನೋಡು: ಅಕ್ಕಿಕಾಳಿನಷ್ಟು ಜಾಗದಲ್ಲಿ ಬೆಸುಗೆ ತುಸು ಬಿಳಿಚಿಕೊಂಡಿದೆ, ಅದರ ಮೇಲೆ ಅರದಿಂದ ಉಜ್ಜಿದ ಸಣ್ಣ ಗೆರೆಗಳಿವೆ. ಕುಣಿಕೆ ಇದ್ದದ್ದು ಅಲ್ಲಿ. ಕೈಯಿಂದ ಬಡಿದು ಮಾಡಿದ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅಂಚಿನ ಸೀಳು, ಮುದ್ರೆ ಸರಿದ ರೀತಿ, ಗೀರುಗಳನ್ನು ಹಳೆಯ ಪಟಗಳೊಂದಿಗೆ ಹೋಲಿಸಿಯೇ ಪರಿಣತರು ಒಂದು ನಾಣ್ಯ ಯಾರ ಸಂಗ್ರಹದಲ್ಲಿತ್ತೆಂದು ಹೇಳುತ್ತಾರೆ. ಆದ್ದರಿಂದ ದಯವಿಟ್ಟು ಇದನ್ನು ತಿಕ್ಕಿ ತೊಳೆಯಬೇಡ.

ಚೀಟಿ ಮುತ್ತಜ್ಜನ ಹೆಸರಿನಲ್ಲಿದೆ, ಆದರೆ ನಾಣ್ಯ ಅವರದಲ್ಲ. ಕುಣಿಕೆ ಹಾಕಿಸಿ ಕೊರಳಲ್ಲಿ ಧರಿಸಿದವಳು ಸವಣೂರಿನಿಂದ ಸೊಸೆಯಾಗಿ ಬಂದ ಮುತ್ತಜ್ಜಿ. ತನ್ನ ತವರಿನವರು ಕೊಟ್ಟದ್ದೆಂದು ಅವಳೇ ಹೇಳುತ್ತಿದ್ದುದನ್ನು ನಿನ್ನ ಅಜ್ಜಿ ಕಿವಿಯಾರೆ ಕೇಳಿದ್ದಾಳೆ. ತಾಯಿಯಿಂದ ಮಗಳಿಗೆ ಬಂದ ಬಂಗಾರಕ್ಕೆ ನಮ್ಮ ಕಡೆ ಯಾರೂ ಕಾಗದ ಮಾಡಿಸುತ್ತಿರಲಿಲ್ಲ. ಹೀಗಾಗಿ ಒಡೆತನ ಹೆಣ್ಣುಮಕ್ಕಳದಾಗಿ, ಬರಹ ಗಂಡಸರದಾಗಿ ಉಳಿದಿದೆ. ನಾನು ಬರೆದ ಪುಟದಲ್ಲಿ ಮುತ್ತಜ್ಜಿಯ ಹೆಸರೇ ಮೊದಲಿದೆ. ಪಕ್ಕದಲ್ಲಿ ‘ಅಜ್ಜಿಯ ಮಾತಿನಿಂದ’ ಎಂದೂ, ಚೀಟಿಯ ವಿವರಕ್ಕೆ ‘ಬರಹದಿಂದ’ ಎಂದೂ ಸೂಚಿಸಿದ್ದೇನೆ.

ಇಂಥ ಕಾಗದಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ನೆನಪಿಗೆ ಬರುತ್ತದೆ. ಅಲ್ಲಿ 1933ರಲ್ಲಿ 20 ಡಾಲರಿನ 4,45,500 ಚಿನ್ನದ ನಾಣ್ಯಗಳನ್ನು ಟಂಕಿಸಿದರೂ ಚಲಾವಣೆಗೆ ಬಿಡಲಿಲ್ಲ, 1937ರಲ್ಲಿ ಕರಗಿಸಿದರು. ಹೇಗೋ ಹೊರಬಿದ್ದ ಕೆಲವುಗಳಲ್ಲಿ ಒಂದು 1944ರಲ್ಲಿ ಅಮೆರಿಕ ಸರಕಾರದ್ದೇ ರಫ್ತು ಪರವಾನಗಿಯೊಂದಿಗೆ ಈಜಿಪ್ಟಿನ ದೊರೆ ಫಾರೂಕನನ್ನು ಸೇರಿತು. ಅವನು ಪದಚ್ಯುತನಾದ ಮೇಲೆ, 1954ರಲ್ಲಿ ಕೈರೋದ ಹರಾಜಿನಿಂದ ಅದನ್ನು ಹಿಂತೆಗೆಯಲಾಯಿತು, ಮುಂದೆ ದಶಕಗಳ ಕಾಲ ಸುಳಿವಿಲ್ಲ. 1996ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಬ್ರಿಟಿಷ್ ವ್ಯಾಪಾರಿಯ ಬಳಿ ಅಂಥ ನಾಣ್ಯ ಸಿಕ್ಕಾಗ, ಅದು ಫಾರೂಕನದೇ ಎಂಬ ವಾದಕ್ಕೆ ಆ ಪರವಾನಗಿ ಆಧಾರವಾಯಿತು. ಕೊನೆಗೆ ರಾಜಿಯಾಗಿ 2002ರಲ್ಲಿ ಅದು 75 ಲಕ್ಷ ಡಾಲರಿಗೂ ಮಿಕ್ಕಿ ಹರಾಜಾಯಿತು. ಅದೇ ಟಂಕದ ಹತ್ತು ನಾಣ್ಯಗಳು ಫಿಲಡೆಲ್ಫಿಯಾದ ಒಂದು ಕುಟುಂಬದ ತಿಜೋರಿಯಲ್ಲಿ ಸಿಕ್ಕವು. ಅವರ ಬಳಿ ಅಂಥ ಕಾಗದವಿರಲಿಲ್ಲ. ವರ್ಷಗಟ್ಟಲೆ ವ್ಯಾಜ್ಯ ನಡೆದು ಹತ್ತೂ ಸರಕಾರದ ಪಾಲಾದವು.

ನಮ್ಮಲ್ಲೂ ಕಾನೂನು ಕೇಳುವುದು ವಸ್ತು ಎಲ್ಲಿಂದ ಬಂತು ಎಂಬುದನ್ನೇ. ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ‘ಬಂಕಾಪುರದ ಹೊಲದಲ್ಲಿ ಸಿಕ್ಕಿತಂತೆ’ ಎಂದು ನಿನ್ನ ದೊಡ್ಡಮಾವ ಮದುವೆಮನೆಯಲ್ಲಿ ಹೇಳುವ ಕಥೆಯನ್ನು ಬರಹಕ್ಕಿಳಿಸಿದರೆ, ಯಾರೂ ಕಾಣದ ಸಂಗತಿಗೆ ನಾವೇ ಸಹಿ ಹಾಕಿದಂತಾಗುತ್ತದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ನಾವು ದೇಶದ ಹೊರಗೆ ಒಯ್ಯುವಂತಿಲ್ಲ. ಮುಂದೆ ನೀನು ಎಲ್ಲಿಗೆ ಹೋದರೂ ಇದನ್ನು ಇಲ್ಲಿಯೇ ಬಿಟ್ಟು ಹೋಗಬೇಕು.

ಮುತ್ತಜ್ಜಿಗಿಂತ ಹಿಂದಿನ ಭಾಗಕ್ಕೆ ಪುಟದಲ್ಲಿ ಖಾಲಿ ಜಾಗ ಬಿಟ್ಟಿದ್ದೇನೆ. ಸವಣೂರಿನಲ್ಲಿ ಅವಳ ತವರಿನ ಕಡೆಯ ಹಿರಿಯರೊಬ್ಬರು ಇನ್ನೂ ಇದ್ದಾರೆ. ನೀನು ದಸರೆಗೆ ಬಂದಾಗ ಹೋಗಿ, ಅವರ ಮನೆಯ ಹಳೆಯ ಫೋಟೋಗಳಲ್ಲಿ ಯಾರದಾದರೂ ಕೊರಳಲ್ಲಿ ಇದು ಕಾಣುತ್ತದೆಯೇ ನೋಡೋಣ. ಅಷ್ಟರೊಳಗೆ ನಾಣ್ಯದ ಎರಡೂ ಬದಿ ಮತ್ತು ಬೆಸುಗೆಯ ಅಂಚಿನ ಸ್ಪಷ್ಟ ಚಿತ್ರಗಳನ್ನು ತೆಗೆಸಿಡುತ್ತೇನೆ. ಚೀಟಿಯ ಮೂಲ ಪ್ರತಿ ನಾಣ್ಯದ ಡಬ್ಬಿಯಲ್ಲೇ ಇರಲಿ, ಎರಡನ್ನೂ ಬೇರೆ ಮಾಡಬೇಡ.

ಆಶೀರ್ವಾದಗಳೊಂದಿಗೆ,
ನಿನ್ನ ಅವ್ವ